‘ಪೂರ್ಲಿ’ ಅಂದರೆ ಸ್ವಲ್ಪ ಹುಷಾರಿಲ್ಲ ಅಂತ ಅಲ್ಲ

ಓದುಗರ ಪ್ರಶ್ನೆ: ನನ್ನ ಅಕ್ಕ, ಭಾವ 28 ವರ್ಷದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾರೆ. ಭಾವನಿಗೆ 61 ವರ್ಷ. ಹೋದ ವರ್ಷ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. ‘ಟ್ರೀಟಬಲ್’ ಅಂತ ಡಾಕ್ಟರ್ ಹೇಳಿದ್ದಾರೆ ಅಂದದ್ದಕ್ಕೆ ನಾವೆಲ್ಲ ಧೈರ್ಯ ತಂದುಕೊಂಡೆವು. ಈಗ 9 ದಿನದಿಂದ ಆಸ್ಪತ್ರೆಯಲ್ಲಿದ್ದಾರೆ. ಅಕ್ಕ ಫೋನ್ ಎತ್ತಿದರೆ ಅಳು ಬಿಟ್ಟರೆ ಬೇರೆ ಮಾತಿಲ್ಲ. ಸುದ್ದಿಯೆಲ್ಲ ಅವಳ ಮಗಳ ವಾಟ್ಸಾಪ್‌ನಿಂದಲೇ. ಅವಳು ಅಲ್ಲೇ ಹುಟ್ಟಿದವಳು. ಮೊದಲ ದಿನ ‘ಡ್ಯಾಡ್ ಈಸ್ ಕ್ವೈಟ್ ಪೂರ್ಲಿ’ ಅಂತ ಬರೆದಳು. ನಾಲ್ಕನೇ ದಿನ ‘ಸ್ಟೇಬಲ್’. ಏಳನೇ ದಿನ ‘ವೆರಿ ಪೂರ್ಲಿ ನೌ, ದೇ ಆರ್ ಕೀಪಿಂಗ್ ಹಿಮ್ ಕಂಫರ್ಟಬಲ್’. ನಿನ್ನೆ ‘ಸೈಡ್ ರೂಮಿಗೆ ಹಾಕಿದ್ದಾರೆ, ಪ್ಯಾಲಿಯೇಟಿವ್ ಟೀಮ್ ಬಂದಿತ್ತು’ ಅಂತ. ನನ್ನ ಮಗ ನಿಘಂಟು ನೋಡಿ, ‘ಪೂರ್ಲಿ ಅಂದ್ರೆ ಸ್ವಲ್ಪ ಹುಷಾರಿಲ್ಲ ಅಂತ ಅಷ್ಟೇ ಅಮ್ಮಾ. ಸ್ಪೆಷಲ್ ರೂಮ್ ಬೇರೆ ಕೊಟ್ಟಿದ್ದಾರೆ, ಒಳ್ಳೇದೇ ಅಲ್ವಾ’ ಅನ್ನುತ್ತಾನೆ. ನನಗೆ ಯಾಕೋ ನೆಮ್ಮದಿ ಇಲ್ಲ. ಮಗಳು ಏನಾದರೂ ಮುಚ್ಚಿಡುತ್ತಿದ್ದಾಳಾ? ನಾನು ಈಗಲೇ ಹೊರಡಬೇಕಾ? ನಮ್ಮಮ್ಮನಿಗೆ 84 ವರ್ಷ, ಅವರಿಗೆ ಏನು ಹೇಳಲಿ? — ದಾವಣಗೆರೆಯ ಒಬ್ಬ ಓದುಗರು

ಉತ್ತರ:

ಅಮ್ಮಾ, ಮುಖ್ಯವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮನಸ್ಸಿಗೆ ಅನ್ನಿಸಿದ್ದು ಸರಿ. ನಿಮ್ಮ ಭಾವನನ್ನು ನಾನು ನೋಡಿಲ್ಲ, ಅವರ ಫೈಲು ನನ್ನ ಮುಂದಿಲ್ಲ. ಆದರೆ ನೀವು ಬರೆದ ಮಾತುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ, ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಸಾವು ಹತ್ತಿರ ಬಂದಾಗ ಆಡುವ ಮಾತುಗಳು ಇವು. ವೀಸಾ ಅರ್ಜಿಯನ್ನು ಇವತ್ತೇ ಹಾಕಿ. ಮಿಕ್ಕದ್ದನ್ನು ಆಮೇಲೆ ಓದಿದರೂ ಆಗುತ್ತದೆ.

ನಾನು ಉಪಶಮನ ಚಿಕಿತ್ಸೆಯ, ಅಂದರೆ ಅಲ್ಲಿನವರು ‘ಪ್ಯಾಲಿಯೇಟಿವ್’ ಅನ್ನುವ ಚಿಕಿತ್ಸೆಯ ವೈದ್ಯ. ನೋವು, ಉಸಿರಾಟದ ಕಷ್ಟ, ಭಯ ಇವುಗಳನ್ನು ಕಡಿಮೆ ಮಾಡುವುದು ನಮ್ಮ ಕೆಲಸ. ಉತ್ತರ ಇಂಗ್ಲೆಂಡಿನಲ್ಲಿ ಹಲವು ವರ್ಷ ಈ ಕೆಲಸ ಮಾಡಿ ಈಗ ಮೈಸೂರಿನಲ್ಲಿದ್ದೇನೆ. ನಮ್ಮವರು ಅಲ್ಲಿನ ಇಂಗ್ಲಿಷನ್ನು ತಪ್ಪಾಗಿ ಕೇಳಿಸಿಕೊಂಡು ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿ ಇಲ್ಲದೆ ಹೋದದ್ದನ್ನು ಒಂದೆರಡು ಸಲವಲ್ಲ, ಬಹಳ ಸಲ ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ಮಗ ನೋಡಿದ ನಿಘಂಟು ಸುಳ್ಳು ಹೇಳಿಲ್ಲ. ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆ ಮಗುವಿಗೆ ನೆಗಡಿ ಆದರೂ ‘ಪೂರ್ಲಿ’ ಅನ್ನುತ್ತಾರೆ. ಅದು ಮನೆಮಾತು, ಅಜ್ಜಿಯಂದಿರು ಆಡುವ ಮಾತು. ಆದರೆ ಅದೇ ಮಾತು ವಾರ್ಡಿನೊಳಗೆ ನರ್ಸ್ ಬಾಯಿಂದ ಬಂದರೆ ತೂಕವೇ ಬೇರೆ. ಅಲ್ಲಿ ‘ಪೂರ್ಲಿ’ ಅಂದರೆ ಕಾಯಿಲೆ ಜೋರಾಗಿದೆ. ‘ವೆರಿ ಪೂರ್ಲಿ’ ಅಂದರೆ ಉಳಿಯದೇ ಇರಬಹುದು. ಇನ್ನು ‘ಕ್ವೈಟ್’. ಅಲ್ಲಿನವರು ‘ಕ್ವೈಟ್ ಪೂರ್ಲಿ’ ಅಂತ ದನಿ ತಗ್ಗಿಸಿ ಹೇಳಿದರೆ ‘ಏನೋ ಒಂದಿಷ್ಟು’ ಅಂದುಕೊಳ್ಳಬೇಡಿ. ವಿಷಯ ಭಾರವಾದಷ್ಟೂ ಮಾತು ಹಗುರ ಮಾಡುವುದು ಅವರ ರೂಢಿ.

ಒಂದು ರಾತ್ರಿ ನನಗೆ ಮರೆಯಲು ಆಗಿಲ್ಲ. ಹಾಸನದ ಕಡೆಯ ಹುಡುಗ, ಸಾಫ್ಟ್‌ವೇರ್ ಕೆಲಸ. ಬಾಣಂತನಕ್ಕೆ ಅಂತ ಬಂದಿದ್ದ ಅವನ ತಾಯಿಗೆ ನ್ಯುಮೋನಿಯಾ ಆಗಿ ನಮ್ಮ ವಾರ್ಡಿನಲ್ಲಿದ್ದರು. ರಾತ್ರಿ ಹತ್ತೂವರೆಗೆ ನರ್ಸ್ ಅವನ ತೋಳು ಮುಟ್ಟಿ, ‘ಯುವರ್ ಮಮ್ ಈಸ್ ವೆರಿ ಪೂರ್ಲಿ, ಲವ್. ಯೂ ಮೈಟ್ ವಾಂಟ್ ಟು ಸ್ಟೇ’ ಅಂದಳು. ಅವನಿಗೆ ಕೇಳಿಸಿದ್ದು: ಅಮ್ಮನಿಗೆ ಹುಷಾರಿಲ್ಲ, ಬೇಕಾದರೆ ಇರಬಹುದು. ‘ಪರವಾಗಿಲ್ಲ ಸಿಸ್ಟರ್, ಬೆಳಿಗ್ಗೆ ಎಂಟಕ್ಕೆ ಬರ್ತೀನಿ’ ಅಂತ, ಗಂಜಿಯ ಫ್ಲಾಸ್ಕನ್ನು ಅಮ್ಮನ ಕೈಗೆ ಎಟಕುವ ಹಾಗೆ ಮೇಜಿನ ಮೇಲಿಟ್ಟು ಹೊರಟ. ನಾಲ್ಕೂವರೆಗೆ ತಾಯಿ ತೀರಿಕೊಂಡರು. ಬೆಳಿಗ್ಗೆ ಕಾರಿಡಾರಿನಲ್ಲಿ ನಿಂತು ನನ್ನನ್ನು ಕನ್ನಡದಲ್ಲೇ ಕೇಳಿದ: ‘ಇರಬೇಕು ಅಂತ ಒಂದು ಮಾತು ಯಾರೂ ಹೇಳ್ಲಿಲ್ವಲ್ಲ ಸಾರ್?’ ಆ ನರ್ಸ್ ಹೇಳಿದ್ದಳು, ಅಮ್ಮಾ. ಅವಳ ಭಾಷೆಯಲ್ಲಿ ಪೂರ್ತಿ ಬಾಯಿ ಬಿಟ್ಟೇ ಹೇಳಿದ್ದಳು. ‘ಯೂ ಮೈಟ್ ವಾಂಟ್ ಟು ಸ್ಟೇ’ ಅಂದರೆ ‘ಮನೆಗೆ ಹೋಗಬೇಡಪ್ಪ’ ಅಂತಲೇ ಅರ್ಥ. ಅವನಿಗೆ ಅರ್ಥವಾಯಿತಾ ಅಂತ ವಾರ್ಡಿನಲ್ಲಿ ಯಾರೂ ಇನ್ನೊಂದು ಸಲ ಕೇಳಲಿಲ್ಲ. ಆ ಆಸ್ಪತ್ರೆಯವರ ತಪ್ಪು ಅಲ್ಲೇ ಆದದ್ದು.

ಈಗ ‘ಕಂಫರ್ಟಬಲ್’ ನೋಡೋಣ. ನಮಗೆ ಕಂಫರ್ಟಬಲ್ ಅಂದರೆ ಆರಾಮಾಗಿದ್ದಾರೆ, ಊಟ ತಿಂಡಿ ಮಾಡಿಕೊಂಡಿದ್ದಾರೆ ಅಂತ. ಅಲ್ಲಿ ‘ಕೀಪಿಂಗ್ ಹಿಮ್ ಕಂಫರ್ಟಬಲ್’ ಅಂದರೆ, ಕಾಯಿಲೆಯನ್ನು ಅಟ್ಟಿಸಿಕೊಂಡು ಹೋಗುವುದನ್ನು ನಿಲ್ಲಿಸಿ, ನೋವಾಗದ ಹಾಗೆ ನೋಡಿಕೊಳ್ಳುತ್ತಿದ್ದೇವೆ ಅಂತ. ಇದಕ್ಕೆ ಇಡೀ ಜಗತ್ತು ನೋಡಿದ ಉದಾಹರಣೆ ಇದೆ. 2022ರ ಸೆಪ್ಟೆಂಬರ್ 8ರಂದು ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಬಕಿಂಗ್‌ಹ್ಯಾಮ್ ಅರಮನೆಯಿಂದ ಒಂದು ಸಣ್ಣ ಪ್ರಕಟಣೆ ಬಂತು. ಎಲಿಜಬೆತ್ ರಾಣಿಯ ಆರೋಗ್ಯದ ಬಗ್ಗೆ ವೈದ್ಯರಿಗೆ ಕಳವಳ ಇದೆ, ಅವರು ವೈದ್ಯರ ನಿಗಾದಲ್ಲಿರಬೇಕು, ಸ್ಕಾಟ್‌ಲೆಂಡಿನ ಬಾಲ್ಮೋರಲ್ ಅರಮನೆಯಲ್ಲೇ ಇದ್ದಾರೆ, ‘ಕಂಫರ್ಟಬಲ್’ ಆಗಿದ್ದಾರೆ. ಇಷ್ಟೇ ಅದರ ಸಾರ. ಕನ್ನಡದಲ್ಲಿ ಓದಿದರೆ ಗಾಬರಿ ಆಗುವಂಥದ್ದು ಏನೂ ಕಾಣುವುದಿಲ್ಲ. ಆದರೆ ಮಕ್ಕಳು, ಮೊಮ್ಮಕ್ಕಳು ಬಾಲ್ಮೋರಲ್ ಕಡೆ ಹೊರಟೇಬಿಟ್ಟರು. ಮಧ್ಯಾಹ್ನ 3.10ಕ್ಕೆ ರಾಣಿ ತೀರಿಕೊಂಡಿದ್ದರು. ಅವರ ತಾತ ಐದನೇ ಜಾರ್ಜ್ ವಿಷಯದಲ್ಲೂ ಹೀಗೇ. 1936ರ ಜನವರಿ 20ರ ರಾತ್ರಿ, ‘ರಾಜರ ಬದುಕು ಶಾಂತವಾಗಿ ಮುಕ್ತಾಯದ ಕಡೆ ಸಾಗುತ್ತಿದೆ’ ಎಂಬರ್ಥದ ಒಂದು ಸಾಲನ್ನು ವೈದ್ಯರು ಹೊರಡಿಸಿದರು. ಮಧ್ಯರಾತ್ರಿಯ ಹೊತ್ತಿಗೆ ಸಾವು. ಅರಮನೆಯಲ್ಲೂ, ಲೀಡ್ಸ್‌ನ ವಾರ್ಡಿನಲ್ಲೂ ಮಾತಿನ ದಾರಿ ಒಂದೇ.

‘ಸ್ಟೇಬಲ್’ ಅನ್ನುವುದು ಇನ್ನೂ ಜಾಸ್ತಿ ದಾರಿ ತಪ್ಪಿಸುವ ಮಾತು. ಬಿಪಿ, ನಾಡಿ, ಆಮ್ಲಜನಕ ಇವು ಹಿಂದಿನ ಸಲ ನೋಡಿದಾಗ ಹೇಗಿದ್ದವೋ ಈಗಲೂ ಹಾಗೇ ಇವೆ ಅಂತ ಅಷ್ಟೇ ಅದರ ಅರ್ಥ. ಕೆಟ್ಟ ಸ್ಥಿತಿ ಕೆಟ್ಟದಾಗಿಯೇ ನಿಂತಿದ್ದರೂ ಸ್ಟೇಬಲ್ಲೇ. ‘ಸುಧಾರಿಸುತ್ತಿದ್ದಾರೆ’ ಅನ್ನಲು ಅವರ ಹತ್ತಿರ ‘ಇಂಪ್ರೂವಿಂಗ್’ ಅಂತ ಬೇರೆ ಮಾತಿದೆ. ಅದನ್ನು ಹೇಳಲಿಲ್ಲ ಅಂದರೆ ಅದನ್ನು ಗಮನಿಸಿ. ಅಮೆರಿಕದ ಆಸ್ಪತ್ರೆಗಳ ಸಂಘವಂತೂ ರೋಗಿಯ ಸ್ಥಿತಿ ಹೇಳುವಾಗ ‘ಸ್ಟೇಬಲ್’ ಬಳಸಲೇಬೇಡಿ ಅಂತ ಸೂಚಿಸಿದೆ. ಅಲ್ಲಿ ಗುಡ್, ಫೇರ್, ಸೀರಿಯಸ್, ಕ್ರಿಟಿಕಲ್ ಅಂತ ಮೆಟ್ಟಿಲುಗಳಿವೆ. ಕ್ರಿಟಿಕಲ್ ಅಂದರೇನೇ ಏರುಪೇರಾಗುತ್ತಿದೆ ಅಂತ. ಹಾಗಿದ್ದಾಗ ‘ಕ್ರಿಟಿಕಲ್ ಬಟ್ ಸ್ಟೇಬಲ್’ ಅನ್ನುವುದಕ್ಕೆ ಅರ್ಥವೇ ಇಲ್ಲ. ಆದರೂ ಟೀವಿಯಲ್ಲಿ ದಿನಾ ಕೇಳುತ್ತೇವೆ.

ಸ್ಕ್ಯಾನ್ ವರದಿಯಲ್ಲಿ ಬರುವ ಸ್ಟೇಬಲ್ ಬೇರೆ. ಕ್ಯಾನ್ಸರ್ ಗಡ್ಡೆಗಳ ಅಳತೆ ಶೇ. 30ರಷ್ಟು ಕುಗ್ಗಿಯೂ ಇಲ್ಲ, ಶೇ. 20ರಷ್ಟು ಬೆಳೆದೂ ಇಲ್ಲ ಅಂದರೆ ಅದನ್ನು ‘ಸ್ಟೇಬಲ್ ಡಿಸೀಸ್’ ಅನ್ನುತ್ತಾರೆ. ಅದು ನಿಜಕ್ಕೂ ಒಳ್ಳೆಯ ಸುದ್ದಿ ಆಗಿರಬಹುದು. ವರದಿಯ ಭಾಷೆಯಲ್ಲಿ ಇನ್ನೂ ಇಂಥ ಗುಂಡಿಗಳಿವೆ. ‘ಪ್ರೋಗ್ರೆಸ್’ ಅಂದರೆ ನಮಗೆ ಏಳಿಗೆ; ಅಲ್ಲಿ ಪ್ರೋಗ್ರೆಸ್ ಆದದ್ದು ಕಾಯಿಲೆ, ರೋಗಿಯಲ್ಲ. ‘ಸೆಕೆಂಡರೀಸ್’ ಅಂದರೆ ಎರಡನೇ ದರ್ಜೆಯ ಸಣ್ಣ ವಿಷಯ ಅಂತ ತಿಳಿದವರಿದ್ದಾರೆ; ಕ್ಯಾನ್ಸರ್ ಹುಟ್ಟಿದ ಜಾಗ ಬಿಟ್ಟು ಬೇರೆ ಅಂಗಕ್ಕೆ ಹರಡಿದೆ ಅಂತ ಅದರ ಅರ್ಥ. ‘ಅನ್‌ರಿಮಾರ್ಕಬಲ್’ ಅಂತ ಕಂಡರೆ ಹೆದರಬೇಡಿ, ಆ ಭಾಗದಲ್ಲಿ ತೊಂದರೆ ಏನೂ ಕಂಡಿಲ್ಲ ಅಂತ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ನೋವು ಕೊಟ್ಟದ್ದು ‘ಟ್ರೀಟಬಲ್’ ಅನ್ನುವ ಒಂದು ಪದ. ಹೋದ ವರ್ಷ ಡಾಕ್ಟರ್ ಹೇಳಿದ ವಾಕ್ಯ ಬಹುಶಃ ‘ಟ್ರೀಟಬಲ್, ಬಟ್ ನಾಟ್ ಕ್ಯೂರಬಲ್’ ಅಂತ ಇದ್ದಿರಬೇಕು. ಮೊದಲ ಅರ್ಧ ಕೇಳಿಸುತ್ತದೆ, ಎರಡನೇ ಅರ್ಧ ಗಾಳಿಗೆ ಹೋಗುತ್ತದೆ. ಚಿಕಿತ್ಸೆ ಕೊಡುತ್ತೇವೆ, ಸ್ವಲ್ಪ ಕಾಲ ಸಿಗುತ್ತದೆ, ಆದರೆ ಕಾಯಿಲೆ ವಾಸಿಯಾಗುವುದಿಲ್ಲ. ಇದು ಅದರ ಅರ್ಥ. ಕೇಳಿಸಿಕೊಳ್ಳುವುದರಲ್ಲಿ ತಪ್ಪಿದೆವಲ್ಲ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಅಮೆರಿಕದಲ್ಲಿ ಹರಡಿದ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿದ್ದವರನ್ನು ಕೇಳಿ ನೋಡಿದ ಒಂದು ದೊಡ್ಡ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ಶೇ. 69 ಜನರಿಗೆ, ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರಲ್ಲಿ ಶೇ. 81 ಜನರಿಗೆ, ಆ ಕೀಮೋದಿಂದ ಕಾಯಿಲೆ ವಾಸಿಯಾಗುವ ಸಾಧ್ಯತೆ ಇಲ್ಲ ಅನ್ನುವುದು ಸರಿಯಾಗಿ ಮನದಟ್ಟಾಗಿರಲಿಲ್ಲ. ದಿನಾ ಇಂಗ್ಲಿಷಿನಲ್ಲೇ ಬದುಕುವವರ ಪಾಡೇ ಹೀಗಿರುವಾಗ ದಾವಣಗೆರೆಯಲ್ಲಿ ಕೂತು ವಾಟ್ಸಾಪ್ ಓದುವ ನಿಮಗೆ ಹೇಗೆ ತಿಳಿಯಬೇಕು?

‘ಪ್ಯಾಲಿಯೇಟಿವ್ ಟೀಮ್’ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಬಿಡಿಸಿ ಹೇಳಬೇಕು. ಅವರು ಬಂದರು ಅಂದರೆ ‘ಡಾಕ್ಟರು ಕೈಬಿಟ್ಟರು’ ಅಂತಲ್ಲ. 2010ರಲ್ಲಿ ಬಾಸ್ಟನ್‌ನಿಂದ ಬಂದ ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರ್ ಇದ್ದವರಿಗೆ ಮೊದಲಿನಿಂದಲೇ ಈ ಚಿಕಿತ್ಸೆಯನ್ನೂ ಜೊತೆಗೆ ಕೊಟ್ಟಾಗ ಅವರು ಚೆನ್ನಾಗಿ ಬದುಕಿದ್ದಲ್ಲದೆ ಹೆಚ್ಚು ಕಾಲವೂ ಬದುಕಿದರು. ಬರೀ ಕ್ಯಾನ್ಸರ್ ಚಿಕಿತ್ಸೆ ಪಡೆದವರು 8.9 ತಿಂಗಳು, ಎರಡೂ ಪಡೆದವರು 11.6 ತಿಂಗಳು. ಇವು ನಡುವಿನ ಲೆಕ್ಕ, ಅಂದರೆ ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಬದುಕಿದರು. ಹಾಗಾಗಿ ಪ್ಯಾಲಿಯೇಟಿವ್ ಅನ್ನುವ ಒಂದೇ ಪದ ಕೇಳಿ ಕಂಗಾಲಾಗಬಾರದು. ನಾನು ಕಳವಳ ಪಟ್ಟದ್ದು ಆ ಒಂದು ಪದಕ್ಕಲ್ಲ. ವೆರಿ ಪೂರ್ಲಿ, ಕಂಫರ್ಟಬಲ್, ಸೈಡ್ ರೂಮ್, ಪ್ಯಾಲಿಯೇಟಿವ್, ಇವು ನಾಲ್ಕೂ ಮೂರು ದಿನದೊಳಗೆ ಒಟ್ಟಿಗೆ ಬಂದವಲ್ಲ, ಅದಕ್ಕೆ.

ಸೈಡ್ ರೂಮ್ ವಿಷಯ. ನಮ್ಮಲ್ಲಿ ಐಸಿಯುನಿಂದ ವಾರ್ಡು, ವಾರ್ಡಿನಿಂದ ಸ್ಪೆಷಲ್ ರೂಮು, ಅಲ್ಲಿಂದ ಮನೆ. ಅದು ಗುಣವಾಗುವ ದಾರಿ, ದುಡ್ಡು ಇದ್ದವರಿಗೆ ಸಿಗುವ ಸೌಕರ್ಯ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸೈಡ್ ರೂಮ್ ದುಡ್ಡಿಗೆ ಸಿಗುವುದಲ್ಲ. ಮುಖ್ಯವಾಗಿ ಎರಡು ಕಾರಣಕ್ಕೆ ಕೊಡುತ್ತಾರೆ. ಒಂದು, ಸೋಂಕು ಹರಡದಿರಲಿ ಅಂತ. ಇನ್ನೊಂದು, ಮನೆಯವರು ಹಗಲು ರಾತ್ರಿ ಜೊತೆಗೆ ಕೂತಿರಲಿ ಅಂತ. ಯಾವುದಕ್ಕೆ ಅಂತ ಕೇಳಬೇಕು. ‘ಯಾವಾಗ ಬೇಕಾದರೂ ಬನ್ನಿ, ಹೊತ್ತಿನ ನಿಯಮ ಇಲ್ಲ’ ಅಂತಲೂ ಅಂದಿದ್ದರೆ ಎರಡನೆಯದೇ.

ನಾಳೆ ನಾಡಿದ್ದು ಇನ್ನೆರಡು ಮಾತು ಕಿವಿಗೆ ಬೀಳಬಹುದು, ಮೊದಲೇ ಹೇಳಿಡುತ್ತೇನೆ. ‘ಫಾಸ್ಟ್ ಟ್ರ್ಯಾಕ್ ಮಾಡಿ ಮನೆಗೆ ಕಳಿಸ್ತಾರೆ’ ಅಂದರೆ ಬೇಗ ಗುಣವಾಯಿತು ಅಂತಲ್ಲ. ಸ್ಥಿತಿ ಬೇಗ ಇಳಿಯುತ್ತಿದೆ, ಕೊನೆಯ ದಿನಗಳನ್ನು ಮನೆಯಲ್ಲಿ ಕಳೆಯಲು ಸರ್ಕಾರದ ಖರ್ಚಿನಲ್ಲಿ ಆರೈಕೆಯ ಏರ್ಪಾಡು ಬೇಗ ಮಾಡುತ್ತೇವೆ ಅಂತ. ಇನ್ನೊಂದು ‘ಡಿಎನ್‌ಎಸಿಪಿಆರ್’. ಹೃದಯ ನಿಂತರೆ ಎದೆ ಒತ್ತಿ ಮತ್ತೆ ನಡೆಸುವ ಪ್ರಯತ್ನ ಮಾಡುವುದಿಲ್ಲ ಅಂತ ಮಾತ್ರ ಅದರ ಅರ್ಥ. ಔಷಧಿ, ನೋವಿನ ಆರೈಕೆ ಯಾವುದೂ ಅದರಿಂದ ನಿಲ್ಲುವುದಿಲ್ಲ. ಇದು ವೈದ್ಯರ ತೀರ್ಮಾನ. ಅಕ್ಕ ಸಹಿ ಹಾಕಿ ‘ಬಿಟ್ಟುಕೊಡುವ’ ಪ್ರಶ್ನೆಯೇ ಇಲ್ಲ. ಆದರೆ ಅದರಿಂದ ರೋಗಿಗೇ ಹಾನಿ ಆಗುವಂತಿಲ್ಲದಿದ್ದರೆ ಅವರ ಹತ್ತಿರ ಈ ಮಾತು ಆಡಲೇಬೇಕು ಅಂತ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ಹೇಳಿದೆ.

ಯಾಕೆ ಹೀಗೆ ಸುತ್ತಿ ಬಳಸಿ ಮಾತಾಡುತ್ತಾರೆ? ಅದು ಮೋಸವಲ್ಲ. ಕೆಟ್ಟ ಸುದ್ದಿಯನ್ನು ಒಂದೇ ಏಟಿಗೆ ಹಾಕಬೇಡಿ, ಮೊದಲು ಒಂದು ಎಚ್ಚರಿಕೆಯ ಮಾತು ಆಡಿ, ಎದುರಿನವರು ಅದನ್ನು ಹಿಡಿದು ಮುಂದಿನ ಪ್ರಶ್ನೆ ಕೇಳಲಿ ಅಂತ ನಮಗೆ ಕಲಿಸಿರುತ್ತಾರೆ. ‘ವಿ ಆರ್ ವರೀಡ್’ ಅನ್ನುವುದು ಅಂಥ ಮೊದಲ ಬಡಿತ. ಅಲ್ಲಿನವರಿಗೆ ಆ ಬಡಿತ ಗೊತ್ತು, ‘ಅಂದರೆ ಸಾಯ್ತಾರಾ?’ ಅಂತ ಕೇಳುತ್ತಾರೆ. ನಮ್ಮವರು ಡಾಕ್ಟರ ಮೇಲಿನ ಗೌರವಕ್ಕೆ ‘ಓಕೆ, ಥ್ಯಾಂಕ್ಯೂ’ ಅಂತ ತಲೆ ಅಲ್ಲಾಡಿಸುತ್ತಾರೆ. ಮಾತು ಅಲ್ಲಿಗೇ ನಿಂತುಹೋಗುತ್ತದೆ. ಇನ್ನೊಂದು ಕಾರಣ, ದಿನ ಲೆಕ್ಕ ಹಾಕಿ ಹೇಳಲು ಯಾರಿಗೂ ಬರುವುದಿಲ್ಲ. ಹಾಗಾಗಿ ‘ಡೇಸ್ ರಾದರ್ ದ್ಯಾನ್ ವೀಕ್ಸ್’ ಅನ್ನುತ್ತಾರೆ. ಅಂದರೆ ವಾರಗಟ್ಟಲೆ ಇರಲಾರರು, ದಿನಗಳ ಲೆಕ್ಕ. ‘ಶಾರ್ಟ್ ವೀಕ್ಸ್’ ಅಂದರೆ ಎರಡು ಮೂರು ವಾರ. ಈ ಎರಡು ಮಾತು ಕೇಳಿಸಿದರೆ ಅದಕ್ಕಿಂತ ಬಿಡಿಸಿ ಅವರು ಹೇಳಲಾರರು.

ನಾವೂ ಇದನ್ನೇ ಮಾಡುತ್ತೇವೆ, ಯೋಚಿಸಿ ನೋಡಿ. ‘ಅಪ್ಪಂಗೆ ಸೀರಿಯಸ್, ಹೊರಟು ಬಾ’ ಅಂತ ಊರಿಂದ ಫೋನ್ ಬಂದರೆ ಯಾವ ಕನ್ನಡದವನಿಗೂ ನಿಘಂಟು ಬೇಕಿಲ್ಲ. ಎಷ್ಟೋ ಸಲ ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಬಸ್ಸಿನಲ್ಲಿ ಕೂತವನು ಗಾಬರಿ ಆಗದಿರಲಿ ಅಂತ ಹಾಗೆ ಹೇಳಿರುತ್ತಾರೆ. ‘ಮನೆಗೆ ಕರ್ಕೊಂಡು ಹೋಗಿ ಅಂದ್ರು’ ಅನ್ನುವ ನಾಲ್ಕು ಮಾತಿಗೆ ಲೀಡ್ಸ್‌ನ ನರ್ಸ್ ‘ಓಹ್, ಗುಣವಾಯ್ತಾ?’ ಅಂತ ಖುಷಿ ಪಡಬಹುದು.

ಹಾಗಾಗಿ ನಿಮ್ಮ ಅಕ್ಕನ ಮಗಳು ಏನನ್ನೂ ಮುಚ್ಚಿಡುತ್ತಿದ್ದಾಳೆ ಅಂತ ನನಗೆ ಅನ್ನಿಸುವುದಿಲ್ಲ. ಅವಳ ಕನ್ನಡ ಅಡುಗೆಮನೆಯಲ್ಲಿ ಕಲಿತ ಕನ್ನಡ. ಊಟ, ನಿದ್ದೆ, ಚಳಿ, ಹುಷಾರು ಎಲ್ಲ ಇದೆ. ಅಪ್ಪ ಸಾಯುತ್ತಿದ್ದಾರೆ ಅಂತ ಚಿಕ್ಕಮ್ಮನಿಗೆ ಹೇಳುವ ಕನ್ನಡ ಅವಳಿಗೆ ಯಾರೂ ಕಲಿಸಿಲ್ಲ. ವಾರ್ಡಿನಲ್ಲಿ ಕೇಳಿದ ಪದವನ್ನೇ ನಿಮಗೆ ದಾಟಿಸುತ್ತಿದ್ದಾಳೆ. ಅವಳಿಗೂ ಭಯ ಆಗಿದೆ.

ಇವತ್ತು ರಾತ್ರಿ ಅವಳಿಗೆ ಫೋನ್ ಮಾಡಿ. ‘ಹೇಗಿದ್ದಾರೆ?’ ಅಂತ ಕೇಳಬೇಡಿ, ಅದಕ್ಕೆ ಮತ್ತೆ ‘ಪೂರ್ಲಿ’ಯೇ ಉತ್ತರ. ‘ಡಾಕ್ಟರನ್ನು ಒಂದು ಮಾತು ಕೇಳಮ್ಮ: ಈ ಸಲ ಅಪ್ಪ ತೀರಿಕೊಳ್ಳುವಷ್ಟು ಕಾಯಿಲೆ ಆಗಿದೆಯಾ? ದಿನಗಳಾ, ವಾರಗಳಾ? ಇಂಡಿಯಾದಿಂದ ಯಾರಾದರೂ ಬರಬೇಕಾದರೆ ಈಗಲೇ ಹೊರಡಬೇಕಾ?’ ಅನ್ನಿ. ಈ ಮೂರಕ್ಕೆ ಅಲ್ಲಿನ ಡಾಕ್ಟರು ನೇರ ಉತ್ತರ ಕೊಡುತ್ತಾರೆ. ನೀವೇ ವಾರ್ಡಿಗೆ ಫೋನ್ ಮಾಡಿದರೆ ಗೋಪ್ಯತೆ ಅಂತ ಹೆಚ್ಚೇನೂ ಹೇಳಲಿಕ್ಕಿಲ್ಲ. ಡಾಕ್ಟರು ಬಂದಾಗ ಅವಳು ಸ್ಪೀಕರ್ ಹಾಕಲಿ. ಅಕ್ಕನಿಗೆ ಇಂಗ್ಲಿಷ್ ಕಷ್ಟವಾದರೆ ಕನ್ನಡದ ದುಭಾಷಿ ಬೇಕು ಅಂತ ಕೇಳಬಹುದು. ಆಸ್ಪತ್ರೆಯೇ ಪುಕ್ಕಟೆ ಒದಗಿಸುತ್ತದೆ, ಫೋನಿನಲ್ಲೂ ಸಿಗುತ್ತಾರೆ. ಎಲ್ಲವನ್ನೂ ಆ ಹುಡುಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ವೀಸಾಗೆ ಸಾಮಾನ್ಯವಾಗಿ 3 ವಾರ ಹಿಡಿಯುತ್ತದೆ. ಜಾಸ್ತಿ ಹಣ ಕಟ್ಟಿದರೆ ಕೆಲವೇ ದಿನದಲ್ಲಿ ತೀರ್ಮಾನ ಸಿಗುವ ವ್ಯವಸ್ಥೆ ಇದೆ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ರೋಗಿಯ ಸ್ಥಿತಿ ಬರೆದ ಒಂದು ಪತ್ರವನ್ನು ಆಸ್ಪತ್ರೆಯಿಂದ ತರಿಸಿ ಅರ್ಜಿಗೆ ಸೇರಿಸಿ. ನೀವು ಹೋದ ಮೇಲೆ ಭಾವ ಚೇತರಿಸಿಕೊಂಡರೆ? ಸೋಂಕು ಇಳಿದು ಮತ್ತೆ ಕೆಲವು ವಾರ, ತಿಂಗಳು ಸಿಕ್ಕವರನ್ನು ನಾನು ನೋಡಿದ್ದೇನೆ. ಆಗ ಲಕ್ಷಗಟ್ಟಲೆ ಖರ್ಚಾಗಿರುತ್ತದೆ, ಕೊನೆಗೆ ಇನ್ನೊಂದು ಸಲ ಹೋಗಲು ಆಗದೇ ಇರಬಹುದು. ಅಷ್ಟು ದುಡ್ಡು ಹೊಂದಿಸುವುದು ಕಷ್ಟವಿದ್ದರೆ ಆ ಮೂರು ಪ್ರಶ್ನೆಗೆ ಉತ್ತರ ಬಂದ ಮೇಲೆ ಟಿಕೆಟ್ ತೆಗೆದುಕೊಳ್ಳಿ. ಆದರೆ ಬದುಕಿದ್ದಾಗ ಹೋಗಿ ಬಂದೆನಲ್ಲ ಅಂತ ಯಾರೂ ನನ್ನ ಹತ್ತಿರ ಕೊರಗಿಲ್ಲ. ಹೋಗಲಾಗದಿದ್ದರೂ ಅದು ನಿಮ್ಮ ತಪ್ಪಲ್ಲ.

ಅಮ್ಮನಿಗೆ ಹೇಳಿ. ಒಂದೇ ಸಲ ಅಲ್ಲ. ಇವತ್ತು ‘ಭಾವನಿಗೆ ತುಂಬಾ ಸೀರಿಯಸ್ ಇದೆ ಅಮ್ಮಾ’ ಅನ್ನಿ, ಪಕ್ಕದಲ್ಲಿ ಕೂತಿರಿ, ಅವರು ಕೇಳಿದ್ದಕ್ಕೆ ಸುಳ್ಳು ಹೇಳಬೇಡಿ. 84 ವರ್ಷದವರು ಬಹಳ ಸಾವು ನೋಡಿರುತ್ತಾರೆ. ಅಳಿಯನ ಹತ್ತಿರ ಒಂದು ಮಾತಾಡುವ ಅವಕಾಶ ತಪ್ಪಿಸಿದರೆ ಅದು ಅವರಿಗೆ ಜಾಸ್ತಿ ನೋವು ಕೊಡುತ್ತದೆ.

ಆ ಮಾತನ್ನು ಫೋನಿನಲ್ಲೂ ಆಡಿಸಬಹುದು. ಭಾವ ಕಣ್ಣು ಬಿಡದೆ ಮಲಗಿದ್ದರೂ ಪರವಾಗಿಲ್ಲ. ಕೇಳಿಸುತ್ತಿದೆ ಅಂತಲೇ ತಿಳಿದು ನಾವು ವಾರ್ಡಿನಲ್ಲಿ ನಡೆದುಕೊಳ್ಳುತ್ತೇವೆ. ಮಗಳು ಫೋನನ್ನು ಅವರ ಕಿವಿಯ ಹತ್ತಿರ ಹಿಡಿಯಲಿ. ಅಮ್ಮ ಅವರನ್ನು ಹೇಗೆ ಕರೆಯುತ್ತಿದ್ದರೋ ಹಾಗೇ ಕರೆಯಲಿ. ಆಮೇಲೆ ನೀವು ಮಾತಾಡಿ, ಕನ್ನಡದಲ್ಲಿ.